ವಿಲ್‌ಶೈರ್ ರಸ್ತೆಯ ಇರಾನಿಯರು, ಕೊರಿಯನ್ನರು: "ಯಾರು ಮುಂದೆ" ಅಂತ ಕೇಳುವ ಮೊದಲು

ವಿಲ್‌ಶೈರ್ ಬಸ್ಸಿನವನು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹೋದ ವಾರ ಆಫೀಸಿನಲ್ಲಿ ಊಟಕ್ಕೆ ಕೂತಾಗ ಒಂದು ಮಾತು ಬಂತು. "ಅಮೆರಿಕಕ್ಕೆ ಬಂದ ಇರಾನಿಯರು ಡಾಕ್ಟರು, ಎಂಜಿನಿಯರು ಆದರು. ಕೊರಿಯನ್ನರು ಅಂಗಡಿ ಹಾಕಿಕೊಂಡು ಕೂತರು. ಅವರವರ ಸಂಸ್ಕೃತಿಯೇ ಹಾಗೆ" ಅಂತ ಒಬ್ಬರು ಅಂದರು. ಇನ್ನೊಬ್ಬರು, "ಹಾಗಲ್ಲ, ಕೊರಿಯನ್ನರಲ್ಲಿ ಒಗ್ಗಟ್ಟಿದೆ, ಇರಾನಿಯರಲ್ಲಿ ಅದಿಲ್ಲ" ಅಂದರು. ನಾನು ಆಗ ಏನೂ ಹೇಳಲಿಲ್ಲ. ಆದರೆ ಆ ಮಾತು ತಲೆಯಿಂದ ಹೋಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಲಾಸ್ ಏಂಜಲೀಸಿನಲ್ಲಿ 14 ವರ್ಷದಿಂದ ಇದ್ದೇನೆ. ದಿನಾ ವಿಲ್‌ಶೈರ್ ರಸ್ತೆಯ ಬಸ್ಸು ಹಿಡಿಯುತ್ತೇನೆ. ಕೊರಿಯಾಟೌನ್‌ನಲ್ಲಿ ಹತ್ತಿದರೆ ಎರಡೂ ಕಡೆ ಕೊರಿಯನ್ ಬೋರ್ಡುಗಳು. ಅದೇ ಬಸ್ಸು ಪಶ್ಚಿಮಕ್ಕೆ ಹೋಗುತ್ತಾ ಬೆವರ್ಲಿ ಹಿಲ್ಸ್ ದಾಟಿ ವೆಸ್ಟ್‌ವುಡ್‌ಗೆ ಬರುತ್ತದೆ. ಅಲ್ಲಿಳಿದು ಸ್ವಲ್ಪ ನಡೆದರೆ ಬೋರ್ಡುಗಳೆಲ್ಲ ಇರಾನಿನ ಪರ್ಷಿಯನ್ ಭಾಷೆಯಲ್ಲಿ. ಪುಸ್ತಕದಂಗಡಿ, ಕಬಾಬ್, ಕೇಸರಿ ಹಾಕಿದ ಐಸ್‌ಕ್ರೀಮ್. ಆ ಕಡೆಗೆ ಜನ ಇಟ್ಟ ಹೆಸರು ಟೆಹರಾಂಜಲೀಸ್.

ನಿಮಗೆ ಇನ್ನೊಂದು ರಸ್ತೆಯ ಕಥೆ ಹೇಳಬೇಕು. 1977ರಲ್ಲಿ ಸೋಲ್ ಮತ್ತು ಟೆಹರಾನ್ ನಗರಗಳು ಸ್ನೇಹದ ಗುರುತಿಗೆ ಒಬ್ಬರ ಹೆಸರನ್ನು ಇನ್ನೊಬ್ಬರು ರಸ್ತೆಗೆ ಇಟ್ಟುಕೊಂಡವು. ಸೋಲ್‌ನ ಗಂಗ್ನಮ್‌ನಲ್ಲಿ ಟೆಹೆರಾನ್-ರೋ ಆಯಿತು, ಟೆಹರಾನಿನಲ್ಲಿ ಸೋಲ್ ರಸ್ತೆ ಆಯಿತು. ಆಗ ಇರಾನಿನ ತಲಾ ಆದಾಯ ಕೊರಿಯಾದ ಸುಮಾರು ಎರಡು ಪಟ್ಟು. ಕೊರಿಯಾದ ಕಟ್ಟಡ ಕೆಲಸಗಾರರು ದುಡಿಯುವುದಕ್ಕೆ ಇರಾನಿಗೆ ಹೋಗುತ್ತಿದ್ದ ಕಾಲ ಅದು. ಇವತ್ತು ಟೆಹೆರಾನ್-ರೋ ಕೊರಿಯಾದ ಐಟಿ ಕಂಪನಿಗಳ ಬೀದಿ. ಇರಾನಿನ ಸ್ಥಿತಿ ಎಲ್ಲಿಗೆ ಬಂದಿದೆ ಅಂತ ನಿಮಗೇ ಗೊತ್ತು. ಈ ನಡುವೆ ಎರಡು ದೇಶದ ಜನರ ಸಂಸ್ಕೃತಿ ತಲೆಕೆಳಗಾಯಿತಾ? ಇಲ್ಲ. ದೇಶದ ಸ್ಥಿತಿ ತಲೆಕೆಳಗಾಯಿತು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಯಾರು ಹೊರಟರು, ಯಾವಾಗ ಹೊರಟರು, ವಾಪಸ್ ಹೋಗುವ ದಾರಿ ತೆರೆದಿತ್ತಾ? ಮೊದಲು ಇದನ್ನು ಕೇಳಬೇಕು. ಒಗ್ಗಟ್ಟು, ಬುದ್ಧಿ, ಶ್ರಮ ಎಲ್ಲ ಆಮೇಲೆ. ನೀವೇನು ಹೇಳುತ್ತೀರಿ?

ಲೆಕ್ಕ ಬರೆಯುವವಳು

ಸರ್, ಒಳ್ಳೆ ವಿಷಯ ತೆಗೆದಿರಿ. ನಾನು ಆರೆಂಜ್ ಕೌಂಟಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡುತ್ತೇನೆ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಕೊರಿಯನ್ನರು. "ಅಂಗಡಿ ಹಾಕಿಕೊಂಡು ಕೂತರು" ಅನ್ನುವ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ.

ಏಷ್ಯಾದವರಿಗೆ ಅಮೆರಿಕದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದ ಮೇಲೆ ಇಲ್ಲಿಗೆ ಬಂದ ಕೊರಿಯನ್ನರಲ್ಲಿ ಬಹಳ ಜನ ಕಾಲೇಜು ಓದಿದವರು. ಎಷ್ಟೋ ಮನೆಗಳಲ್ಲಿ ಮೊದಲು ಬಂದದ್ದು ಹೆಂಡತಿ, ನರ್ಸ್ ಆಗಿ. ಆಮೇಲೆ ಗಂಡ ಬಂದ, ಅಣ್ಣ ತಮ್ಮಂದಿರು ಬಂದರು. ಆದರೆ ಸೋಲ್‌ನ ಡಿಗ್ರಿಗೆ ಇಲ್ಲಿ ಬೆಲೆ ಇರಲಿಲ್ಲ. ಇಂಗ್ಲಿಷ್ ಓದಲು ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಆಗ ಉಳಿದ ದಾರಿ ಸ್ವಂತ ವ್ಯಾಪಾರ. 1960ರ ದಶಕದ ಕೊನೆಯಲ್ಲಿ ಕೊರಿಯಾ ಕೃತಕ ಕೂದಲು, ಅಂದರೆ ವಿಗ್, ರಫ್ತು ಮಾಡುವ ದೊಡ್ಡ ದೇಶ. ಹಾಗಾಗಿ ಎಷ್ಟೋ ಜನ ವಿಗ್ ಮಾರಾಟದಿಂದ ಶುರು ಮಾಡಿದರು. ಆಮೇಲೆ ದಿನಸಿ, ಮದ್ಯದಂಗಡಿ, ಡ್ರೈಕ್ಲೀನಿಂಗ್, ನ್ಯೂಯಾರ್ಕಿನಲ್ಲಿ ತರಕಾರಿ ಮತ್ತು ಉಗುರು ಅಲಂಕಾರದ ಅಂಗಡಿಗಳು.

ಬಂಡವಾಳ ಎಲ್ಲಿಂದ ಬಂತು? ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಅವರಲ್ಲಿ "ಗ್ಯೇ" ಅಂತ ಒಂದು ಪದ್ಧತಿ ಇದೆ. ಮೊದಲ ಸಲ ಒಬ್ಬ ಗಿರಾಕಿ ಅದನ್ನು ವಿವರಿಸಿದಾಗ ನನಗೆ ನಗು ಬಂತು. ನಮ್ಮ ಚೀಟಿಯೇ! ಇಪ್ಪತ್ತು ಜನ ಸೇರಿ ತಿಂಗಳಿಗಿಷ್ಟು ಅಂತ ಹಾಕುತ್ತಾರೆ, ಸರದಿಯಲ್ಲಿ ಎತ್ತುತ್ತಾರೆ. ನಮ್ಮಲ್ಲಿ ಹರಾಜು ಕೂಗುತ್ತಾರಲ್ಲ, ಅವರ ಒಂದು ಬಗೆಯ ಗ್ಯೇಯಲ್ಲಿ ಯಾರಿಗೆ ಎಷ್ಟನೇ ಸರದಿ ಅಂತ ಮೊದಲೇ ಗೊತ್ತು. ಬೇಗ ಎತ್ತಿದವರು ಜಾಸ್ತಿ ಕಟ್ಟುತ್ತಾರೆ, ಕೊನೆಗೆ ಎತ್ತಿದವರಿಗೆ ಲಾಭ. ನಮ್ಮ ಅಮ್ಮ ಮಂಡ್ಯದಲ್ಲಿ ಚೀಟಿ ಎತ್ತಿಯೇ ನನ್ನ ಕಾಲೇಜು ಫೀಸು ಕಟ್ಟಿದ್ದು. ಅದಕ್ಕೆ ಆ ಮನುಷ್ಯ ಹೇಳುತ್ತಿದ್ದದ್ದು ನನಗೆ ಅರ್ಧ ವಾಕ್ಯಕ್ಕೇ ಅರ್ಥವಾಯಿತು.

ಇನ್ನೊಂದು ಮಾತು. ಆದಾಯದ ಅಂಕಿ ಅಂಶ ನೋಡುವಾಗ ಗಂಟೆ ಲೆಕ್ಕ ಮರೆಯಬೇಡಿ. ನನ್ನ ಒಬ್ಬ ಹಳೆಯ ಗಿರಾಕಿ ಕೊರಿಯಾದಲ್ಲಿ ಸಿವಿಲ್ ಎಂಜಿನಿಯರ್, ಅವರ ಹೆಂಡತಿ ಶಾಲೆಯ ಟೀಚರ್. 1983ರಲ್ಲಿ ಡ್ರೈಕ್ಲೀನಿಂಗ್ ಅಂಗಡಿ ತೆಗೆದರು. ವಾರಕ್ಕೆ ಆರು ದಿನ, ಬೆಳಿಗ್ಗೆ 7ರಿಂದ ಸಂಜೆ 7. ತೆರಿಗೆ ಕಾಗದದಲ್ಲಿ ಅವರದ್ದು ಒಳ್ಳೆಯ ಮಧ್ಯಮ ವರ್ಗದ ಕುಟುಂಬ. ಆ ಮೊತ್ತವನ್ನು ಇಬ್ಬರೂ ವಾರಕ್ಕೆ ತಲಾ ದುಡಿದ 72 ಗಂಟೆಗೆ ಹಂಚಿ ನೋಡಿ. ಶನಿವಾರ ಕೌಂಟರಿನಲ್ಲಿ ನಿಲ್ಲುತ್ತಿದ್ದ ಮಗಳ ಸಂಬಳ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ನ್ಯೂಜೆರ್ಸಿ ಹಾಸನ

ಲೆಕ್ಕದ ಮೇಡಂ ಹೇಳಿದ್ದು ನಿಜ. ಆದರೆ ಹಾಗಾದರೆ ಕೊರಿಯನ್ನರ ಸಾಧನೆಯೇ ದೊಡ್ಡದು ಅಂತ ಆಯಿತಲ್ಲ? ಇರಾನಿಯರು ತಮ್ಮ ರಾಜ ಶಾ ಕಾಲದ ದುಡ್ಡು ಸೂಟ್‌ಕೇಸಿನಲ್ಲಿ ತಂದರು, ಬೆವರ್ಲಿ ಹಿಲ್ಸ್‌ನಲ್ಲಿ ಮನೆ ತಗೊಂಡರು. 2007ರಲ್ಲಿ ಅಲ್ಲಿನ ಮೇಯರ್ ಆದ ಜಿಮ್ಮಿ ದೆಲ್ಶಾದ್ ಇರಾನಿನಲ್ಲಿ ಹುಟ್ಟಿದವರು. ಇಲ್ಲಿ ಎಡಿಸನ್ ಕಡೆ ಇರುವ ನಮಗೆ ಗೊತ್ತು, ಕೈಯಲ್ಲಿ ಏನೂ ಇಲ್ಲದೆ ಶುರು ಮಾಡುವುದಕ್ಕೂ ದುಡ್ಡು ಹಿಡಿದುಕೊಂಡು ಶುರು ಮಾಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ.

ವಿಲ್‌ಶೈರ್ ಬಸ್ಸಿನವನು

ಹಾಸನದವರೇ, ದುಡ್ಡು ತಂದವರು ಇದ್ದರು, ಇಲ್ಲ ಅನ್ನಲ್ಲ. ಆದರೆ ಅವರು ಒಂದು ಪದರ ಮಾತ್ರ.

ಶಾ ಆಳ್ವಿಕೆಯನ್ನು ಉರುಳಿಸಿದ 1979ರ ಕ್ರಾಂತಿಗೆ ಮೊದಲೇ ಇಲ್ಲಿ ಇರಾನಿನ ವಿದ್ಯಾರ್ಥಿಗಳು ತುಂಬಿದ್ದರು. 1979ರ ಹೊತ್ತಿಗೆ ಸುಮಾರು 50 ಸಾವಿರ. ಅಮೆರಿಕದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದ್ದೇ ದೊಡ್ಡ ಗುಂಪು. ಎಂಜಿನಿಯರಿಂಗ್ ಓದಿ ವಾಪಸ್ ಹೋಗಿ ಎಣ್ಣೆ ಕಂಪನಿಯಲ್ಲೋ ಸರ್ಕಾರದಲ್ಲೋ ಕೆಲಸ ಮಾಡುವುದು ಅಂತ ಬಂದವರು. ಅಷ್ಟರಲ್ಲಿ ದೇಶವೇ ಬದಲಾಯಿತು. ಹಿಂದೆಯೇ 1980ರಿಂದ 88ರವರೆಗೆ ಇರಾಕ್ ಜೊತೆ ಯುದ್ಧ. ಅವರು ಉಳಿದುಬಿಟ್ಟರು. ಇದನ್ನು ಗಮನಿಸಿ: ಅವರ ಡಿಗ್ರಿ ಅಮೆರಿಕದ್ದೇ, ಇಂಗ್ಲಿಷ್ ಆಗಲೇ ಬಾಯಿಗೆ ಬಂದಿತ್ತು. ಕೊರಿಯಾದ ಎಂಜಿನಿಯರ್ ಇಸ್ತ್ರಿ ಯಂತ್ರದ ಮುಂದೆ ನಿಂತದ್ದಕ್ಕೂ ಇರಾನಿನ ಎಂಜಿನಿಯರ್ ಕಂಪನಿ ಸೇರಿದ್ದಕ್ಕೂ ಬಹುಪಾಲು ಕಾರಣ ಇಲ್ಲೇ ಇದೆ. ಇವತ್ತು ಇಡೀ ಅಮೆರಿಕದಲ್ಲಿ ಡಿಗ್ರಿ ಇರುವವರು ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಈ ಎರಡೂ ಸಮುದಾಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಓದಿನಲ್ಲಿ ದೊಡ್ಡ ಅಂತರ ಇಲ್ಲ. ಆ ಓದು ಎಲ್ಲಿಯದು ಅನ್ನುವುದರಲ್ಲಿ ಅಂತರ ಇತ್ತು.

ಇನ್ನು ಅವರು ಪಟ್ಟ ಪಾಡು. 1979ರ ನವೆಂಬರ್ 4ರಂದು ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಗೆ ನುಗ್ಗಿ ಒತ್ತೆಯಾಳುಗಳನ್ನು ಹಿಡಿದರು. 52 ಜನರನ್ನು 444 ದಿನ ಇಟ್ಟುಕೊಂಡರು. ಆ ಸಿಟ್ಟನ್ನೆಲ್ಲ ಇಲ್ಲಿದ್ದ ಇರಾನಿ ಹುಡುಗರು ಹೊತ್ತುಕೊಂಡರು. ವಿದ್ಯಾರ್ಥಿಗಳೆಲ್ಲ ವಲಸೆ ಕಚೇರಿಗೆ ಬಂದು ಹಾಜರಿ ಹಾಕಬೇಕು ಅಂತ ಕಾರ್ಟರ್ ಸರ್ಕಾರ ಆದೇಶ ಮಾಡಿತು. "ನಾನು ಇರಾನಿ" ಅನ್ನುವ ಬದಲು "ನಾನು ಪರ್ಷಿಯನ್" ಅನ್ನುವ ರೂಢಿ ಗಟ್ಟಿಯಾದದ್ದು ಆಗಲೇ. ಓಡಿಬಂದವರಲ್ಲಿ ಎಷ್ಟೋ ಜನರ ಆಸ್ತಿಯನ್ನು ಅಲ್ಲಿ ಮುಟ್ಟುಗೋಲು ಹಾಕಿಕೊಂಡಿದ್ದರು. ಅವರು ತಂದದ್ದು ಕೈಗೆ ಸಿಕ್ಕಷ್ಟು ಮಾತ್ರ. ಬೆವರ್ಲಿ ಹಿಲ್ಸ್ ಎಲ್ಲರಿಗೂ ಕಾಣುತ್ತದೆ. ಸ್ಯಾನ್ ಫರ್ನಾಂಡೊ ಕಣಿವೆಯ ಅಪಾರ್ಟ್‌ಮೆಂಟಿನಲ್ಲಿರುವ, ಟ್ಯಾಕ್ಸಿ ಓಡಿಸಿ ಮಕ್ಕಳನ್ನು ಓದಿಸಿದ ಇರಾನಿ ಯಾರಿಗೂ ಕಾಣುವುದಿಲ್ಲ.

ಒಗ್ಗಟ್ಟಿನ ಮಾತಿಗೂ ಒಂದು ಉತ್ತರ ಇದೆ. ಇಲ್ಲಿನ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಐವನ್ ಲೈಟ್ ಈ ನಗರದ ಕೊರಿಯನ್ನರನ್ನೂ ಅಧ್ಯಯನ ಮಾಡಿದ್ದಾರೆ, ಮೆಹದಿ ಬೊಜೋರ್ಗ್‌ಮೆಹ್ರ್ ಮೊದಲಾದವರ ಜೊತೆ ಇರಾನಿಯರನ್ನೂ ಮಾಡಿದ್ದಾರೆ. ಅವರು ಕಂಡದ್ದು ಏನೆಂದರೆ, ಇರಾನಿಯರದ್ದು ಒಂದು ಸಮುದಾಯ ಅಲ್ಲ, ಹಲವು. ಮುಸ್ಲಿಮರು, ಯಹೂದಿಗಳು, ಅರ್ಮೇನಿಯನ್ನರು, ಬಹಾಯಿ ಧರ್ಮದವರು. ಒಬ್ಬೊಬ್ಬರ ವ್ಯಾಪಾರ, ಪಾಲುದಾರಿಕೆ, ಕೆಲಸಕ್ಕೆ ಇಟ್ಟುಕೊಳ್ಳುವುದು ಎಲ್ಲ ಅವರವರ ಒಳಗೇ. ಸ್ವಂತ ವ್ಯಾಪಾರ ಯಹೂದಿಗಳಲ್ಲಿ ಅತಿ ಜಾಸ್ತಿ. ಇದನ್ನು ಒಗ್ಗಟ್ಟಿಲ್ಲ ಅನ್ನಬೇಕಾ? ಇರಾನಿನಲ್ಲೇ ಅಲ್ಪಸಂಖ್ಯಾತರಾಗಿದ್ದವರು ಅಲ್ಲಿ ಕಲಿತ ಒಗ್ಗಟ್ಟನ್ನು ಇಲ್ಲಿಗೂ ತಂದರು ಅಂತ ನಾನು ತಿಳಿಯುತ್ತೇನೆ. ನಮ್ಮವರು ವಿದೇಶಕ್ಕೆ ಬಂದ ಮೇಲೂ ಜಾತಿಯ ಕೂಟ ಬೇರೆ, ಭಾಷೆಯ ಕೂಟ ಬೇರೆ ಅಂತ ಇರುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಯಂಗ್ ಸ್ಟ್ರೀಟ್ ವಾಸಿ

ಟೊರಾಂಟೊದಿಂದ ನನ್ನದೂ ಎರಡು ಮಾತು. ನಮ್ಮ ನಾರ್ತ್ ಯಾರ್ಕ್‌ನಲ್ಲಿ ಎಂಟು ಮೈಲಿ ಬಸ್ಸಿನಲ್ಲಿ ಹೋಗಬೇಕಾಗಿಲ್ಲ. ಫಿಂಚ್ ಸ್ಟೇಷನ್‌ನಿಂದ ಉತ್ತರಕ್ಕೆ ನಡೆದರೆ ಕೊರಿಯನ್ ಹೋಟೆಲಿನ ಪಕ್ಕದಲ್ಲೇ ಇರಾನಿ ಬೇಕರಿ. ನಾನು ಶನಿವಾರ ಒಂದರಲ್ಲಿ ಬಿಸಿ ಬರ್ಬರಿ ರೊಟ್ಟಿ ತಗೊಂಡು, ಇನ್ನೊಂದರಲ್ಲಿ ಮೂಲಂಗಿ ಕಿಮ್ಚಿ ತಗೊಂಡು ಮನೆಗೆ ಹೋಗುತ್ತೇನೆ.

ಆದರೆ ಇಲ್ಲಿನ ಇರಾನಿಯರು ಬೆವರ್ಲಿ ಹಿಲ್ಸ್‌ನವರಂತಲ್ಲ. ಬಹಳ ಜನ 1990ರ ನಂತರ, ಓದು ಅನುಭವಕ್ಕೆ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಕೆನಡಾದ ಪದ್ಧತಿಯಲ್ಲಿ ಬಂದ ಎಂಜಿನಿಯರುಗಳು, ಓದಲು ಬಂದ ಹುಡುಗ ಹುಡುಗಿಯರು. ಬಂದವರು ಬೇರೆ, ಅದಕ್ಕೆ ಚಿತ್ರವೂ ಬೇರೆ. ಬಸ್ಸಿನವರ ಮಾತಿಗೆ ಇದು ಸಾಕ್ಷಿ ಅಂತ ಹೇಳಿದೆ.

2020ರ ಜನವರಿ 8 ನನಗೆ ಮರೆಯುವುದಿಲ್ಲ. ಟೆಹರಾನಿನಿಂದ ಹೊರಟ ಉಕ್ರೇನ್ ವಿಮಾನವನ್ನು ಇರಾನಿನ ಸೇನೆಯೇ ಕ್ಷಿಪಣಿ ಹಾರಿಸಿ ಕೆಡವಿತು. 176 ಜನ ಸತ್ತರು. ಅದರಲ್ಲಿ 138 ಜನ ಕೆನಡಾಕ್ಕೆ ಬರುತ್ತಿದ್ದವರು. ರಜೆಗೆ ಅಪ್ಪ ಅಮ್ಮನನ್ನು ನೋಡಿಕೊಂಡು ಬರಲು ಹೋದ ವಿದ್ಯಾರ್ಥಿಗಳು, ಪ್ರಾಧ್ಯಾಪಕರು, ಹೊಸದಾಗಿ ಮದುವೆಯಾದವರು. ಆ ವಾರ ನಾರ್ತ್ ಯಾರ್ಕ್‌ನ ಅಂಗಡಿ ಕಿಟಕಿಗಳಲ್ಲೆಲ್ಲ ಫೋಟೊ, ಮೇಣದ ಬತ್ತಿ. ನಾನು ರೊಟ್ಟಿ ತಗೊಳ್ಳುವ ಬೇಕರಿಯ ಯಜಮಾನರಿಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಅವರ ಕೈ ಹಿಡಿದುಕೊಂಡು ನಿಂತೆ. ಆದಾಯ, ಡಿಗ್ರಿ, ಮನೆ ಅಂತ ನಾವು ಎಣಿಸುತ್ತೇವೆ. ತಾಯ್ನಾಡಿಗೆ ಹೋಗಿ ಬರುವುದೇ ಇಷ್ಟು ಭಾರವಾದರೆ ಅದನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ಮಲ್ಲೇಶ್ವರದ ಮೇಷ್ಟ್ರು

ಬೆಂಗಳೂರಿನ ಕಡೆಯಿಂದ ಒಂದು ಸಣ್ಣ ಸೇರ್ಪಡೆ. ಇರಾನಿಯರು ನಮಗೆ ಹೊಸಬರಲ್ಲ. ಷೀರಾಜ್‌ನಿಂದ ಕುದುರೆ ಮಾರಲು ಹುಡುಗನಾಗಿ ಬಂದ ಆಗಾ ಅಲಿ ಅಸ್ಕರ್ ಇಲ್ಲೇ ನೆಲೆ ನಿಂತರು. ಅಲಿ ಅಸ್ಕರ್ ರಸ್ತೆ ಅವರ ಹೆಸರಿನದ್ದೇ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲೂ ಬೆಂಗಳೂರಿನ ಕಾಲೇಜುಗಳಲ್ಲಿ ಇರಾನಿ ಹುಡುಗರು ಇದ್ದರು. ಕ್ರಾಂತಿಯ ವರ್ಷ ಮನೆಯಿಂದ ದುಡ್ಡು ಬರುವುದು ನಿಂತು, ಒಬ್ಬ ಹುಡುಗ ಎರಡು ತಿಂಗಳು ನಮ್ಮ ಮನೆಯಲ್ಲೇ ಊಟ ಮಾಡಿದ. ಸಾರು ಖಾರ ಅಂತ ಕಣ್ಣಲ್ಲಿ ನೀರು ಹಾಕಿಕೊಂಡೇ ಉಣ್ಣುತ್ತಿದ್ದ. ನಂತರ ಅವನು ಸ್ವೀಡನ್‌ಗೆ ಹೋದ ಅಂತ ಕೇಳಿದೆ.

ನ್ಯೂಜೆರ್ಸಿ ಹಾಸನ

ಬಸ್ಸಿನವರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ, ಸೂಟ್‌ಕೇಸಿನ ಮಾತು ಪೂರ್ತಿ ಸರಿಯಲ್ಲ. ಆದರೆ ಲಾಸ್ ಏಂಜಲೀಸಿನ 1992ರ ಗಲಭೆಯ ವಿಷಯ ಯಾರೂ ಎತ್ತಲಿಲ್ಲ. ಕೊರಿಯನ್ನರ ಬಗ್ಗೆ ಮಾತಾಡುವಾಗ ಅದನ್ನು ಬಿಡೋಕಾಗುತ್ತಾ?

ಲೆಕ್ಕ ಬರೆಯುವವಳು

ಬಿಡೋಕಾಗಲ್ಲ. ನಾನು ಬಂದದ್ದು ಆಮೇಲೆ. ಆದರೆ ನನ್ನ ಗಿರಾಕಿಗಳು ತಮ್ಮ ಬದುಕನ್ನು ಅದರ ಮುಂಚೆ, ಅದರ ಆಮೇಲೆ ಅಂತಲೇ ಎಣಿಸುತ್ತಾರೆ. ಅವರು ಅದಕ್ಕೆ ಗಲಭೆ ಅನ್ನುವುದಿಲ್ಲ. "ಸಾ-ಇ-ಗು" ಅನ್ನುತ್ತಾರೆ. ನಾಲ್ಕು, ಎರಡು, ಒಂಬತ್ತು. ಏಪ್ರಿಲ್ 29.

ಅದಕ್ಕೆ ಒಂದು ವರ್ಷ ಮೊದಲು, 1991ರ ಮಾರ್ಚ್‌ನಲ್ಲಿ, ದಕ್ಷಿಣ ಲಾಸ್ ಏಂಜಲೀಸಿನ ಒಂದು ಅಂಗಡಿಯಲ್ಲಿ 15 ವರ್ಷದ ಕಪ್ಪು ಹುಡುಗಿ ಲಟಾಶಾ ಹಾರ್ಲಿನ್ಸ್ ಸತ್ತಳು. ಕಿತ್ತಳೆ ರಸದ ಬಾಟಲಿ ಕದ್ದಳು ಅಂತ ತಿಳಿದು ಕೊರಿಯನ್ ಅಂಗಡಿಯಾಕೆ ಗುಂಡು ಹಾರಿಸಿದರು. ಹುಡುಗಿಯ ಕೈಯಲ್ಲಿ ದುಡ್ಡಿತ್ತು. ಕೋರ್ಟು ಅಂಗಡಿಯಾಕೆಗೆ ಜೈಲು ಶಿಕ್ಷೆ ಕೊಡಲಿಲ್ಲ. ಕಪ್ಪು ಜನರ ಸಿಟ್ಟು ನ್ಯಾಯವಾದದ್ದೇ. ಮುಂದಿನ ವರ್ಷ ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಹೊಡೆದ ಪೊಲೀಸರು ಕೋರ್ಟಿನಲ್ಲಿ ಬಿಡುಗಡೆಯಾದಾಗ ಊರು ಹೊತ್ತಿಕೊಂಡಿತು. 60ಕ್ಕೂ ಹೆಚ್ಚು ಜನ ಸತ್ತರು. ಕೊರಿಯನ್ನರ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳು ಹಾಳಾದವು. ಇಡೀ ನಗರದ ನಷ್ಟ ಸುಮಾರು 100 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದರೆ ಅದರಲ್ಲಿ ಹತ್ತಿರ ಹತ್ತಿರ 40 ಕೋಟಿ ಇವರದ್ದು. ಪೊಲೀಸರು ಬರಲಿಲ್ಲ. ಜನ ರೇಡಿಯೊ ಕೊರಿಯಾಗೆ ಫೋನ್ ಮಾಡಿ ಸಹಾಯ ಕೇಳಿದರು.

ಆಮೇಲಿನದ್ದು ಇನ್ನೂ ನೋವು. ಎಷ್ಟೋ ಅಂಗಡಿಯವರ ವಿಮೆ ಪರವಾನಗಿಯೇ ಇಲ್ಲದ ಹೊರದೇಶದ ಕಂಪನಿಗಳದ್ದು. ಅಗ್ಗ ಅಂತ ತಗೊಂಡಿದ್ದರು, ಒಂದು ಡಾಲರೂ ಬರಲಿಲ್ಲ. ಸುಟ್ಟ ಮದ್ಯದಂಗಡಿ ಮತ್ತೆ ತೆರೆಯಲು ನಗರದ ಹೊಸ ಷರತ್ತುಗಳು ಬಿಡಲಿಲ್ಲ. ಹತ್ತು ವರ್ಷದ ಗ್ಯೇ, ಹತ್ತು ವರ್ಷದ ಹನ್ನೆರಡು ಗಂಟೆ ದುಡಿಮೆ, ಮೂರು ದಿನದಲ್ಲಿ ಹೋಯಿತು.

ಬ್ಯಾಂಕು ಮತ್ತು ದೊಡ್ಡ ಅಂಗಡಿಗಳು ಬಿಟ್ಟುಹೋದ ಬಡ ಬೀದಿಯಲ್ಲಿ ಬಾಡಿಗೆ ಕಮ್ಮಿ ಅಂತ ಇವರು ಅಂಗಡಿ ಹಾಕಿದ್ದು. ಬಡತನ ಯಾರು ಮಾಡಿದ್ದೋ, ಅದರ ಮುಂದೆ ನಿಂತಿದ್ದವರು ಇವರು. ಇರಾನಿಯರು ವೆಸ್ಟ್‌ವುಡ್‌ನಲ್ಲಿದ್ದರು, ಅವರಿಗೆ ಈ ಪೆಟ್ಟು ಬೀಳಲಿಲ್ಲ. ಇದರಲ್ಲಿ ಯಾವ ಸಂಸ್ಕೃತಿ ಬಂತು ಹೇಳಿ.

ವಿಲ್‌ಶೈರ್ ಬಸ್ಸಿನವನು

ಮೇಡಂ, ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಒಂದೇ ಒಂದು ಸೇರಿಸುತ್ತೇನೆ. ರಾಜಕೀಯದಲ್ಲಿ ದನಿ ಬೇಕು ಅನ್ನುವುದು ಕೊರಿಯನ್ನರಿಗೆ ಗಟ್ಟಿಯಾಗಿ ಅನ್ನಿಸಿದ್ದು ಸಾ-ಇ-ಗು ಆದ ಮೇಲೆ. 2020ರ ಚುನಾವಣೆಯಲ್ಲಿ ನಾಲ್ಕು ಕೊರಿಯನ್ ಮೂಲದವರು ಸಂಸತ್ತಿಗೆ ಗೆದ್ದರು. 2024ರಲ್ಲಿ ಆಂಡಿ ಕಿಮ್ ಸೆನೆಟರ್ ಆದರು. ನಮ್ಮ ಹಾಸನದವರ ನ್ಯೂಜೆರ್ಸಿಯಿಂದಲೇ. ಇರಾನಿ ಮೂಲದವರಲ್ಲಿ ಮೊದಲು ಸಂಸತ್ತಿಗೆ ಹೋದವರು ಒಕ್ಲಹೋಮಾದ ಸ್ಟೆಫನಿ ಬೈಸ್, ಅದೂ 2020ರಲ್ಲೇ. ವ್ಯಾಪಾರದಲ್ಲಿ ಇಬೇ ಕಟ್ಟಿದ ಪಿಯರ್ ಒಮಿಡ್ಯಾರ್, ಊಬರ್ ನಡೆಸುವ ದಾರಾ ಖೊಸ್ರೊಶಾಹಿ ಇದ್ದಾರೆ, ಆದರೆ ಮತದ ರಾಜಕೀಯಕ್ಕೆ ಬರುವುದು ಇರಾನಿಯರಿಗೆ ತಡವಾಯಿತು.

ಹೊಸಬಳು

ನಾನು ಇಲ್ಲಿಗೆ ಓದಲು ಬಂದು ಆರು ತಿಂಗಳು. ಒಂದು ಪ್ರಶ್ನೆ. ಎಷ್ಟು ಇರಾನಿಯರಿದ್ದಾರೆ, ಎಷ್ಟು ಕೊರಿಯನ್ನರಿದ್ದಾರೆ ಅಂತ ಸರಿಯಾದ ಲೆಕ್ಕ ಇದೆಯಾ? ಹುಡುಕಿದರೆ ಒಂದೊಂದು ಕಡೆ ಒಂದೊಂದು ಸಂಖ್ಯೆ ಬರುತ್ತದೆ.

ಲೆಕ್ಕ ಬರೆಯುವವಳು

ಒಳ್ಳೆ ಪ್ರಶ್ನೆ ಕಣಮ್ಮ. ಕೊರಿಯನ್ನರಿಗೆ ಜನಗಣತಿಯ ಫಾರಂನಲ್ಲಿ ಅವರದ್ದೇ ಚೌಕ ಇದೆ, ಟಿಕ್ ಹಾಕಿದರೆ ಆಯಿತು. 2020ರಲ್ಲಿ ಸುಮಾರು 20 ಲಕ್ಷ, ಮಿಶ್ರ ಮೂಲದವರೂ ಸೇರಿ. ಇರಾನಿಯರನ್ನು ಸರ್ಕಾರ ಬಿಳಿಯರ ಲೆಕ್ಕಕ್ಕೆ ಹಾಕುತ್ತಿತ್ತು. ಕೈಯಲ್ಲಿ "ಇರಾನಿ" ಅಂತ ಬರೆದವರು ಮಾತ್ರ ಎಣಿಕೆಗೆ ಸಿಗುತ್ತಾರೆ. ಹಾಗೆ ಸಿಕ್ಕವರು ಸುಮಾರು 5.7 ಲಕ್ಷ. ಇನ್ನೊಂದಿಷ್ಟು ಜನ ಬರೆಯದೆ ಬಿಟ್ಟಿರುತ್ತಾರೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಅಂತ ಬೇರೆ ವರ್ಗ ಇರಬೇಕು ಅಂತ ಸರ್ಕಾರ ಒಪ್ಪಿದ್ದು 2024ರಲ್ಲಿ. ಏರ್‌ಪೋರ್ಟಿನಲ್ಲಿ ನಿಲ್ಲಿಸುವಾಗ ಇರಾನಿ, ಜನಗಣತಿಯಲ್ಲಿ ಬಿಳಿಯ. ನನ್ನ ಒಬ್ಬ ಇರಾನಿ ಗಿರಾಕಿ ಇದನ್ನು ಹೇಳಿಕೊಂಡು ತುಂಬ ನೊಂದುಕೊಳ್ಳುತ್ತಾರೆ.

ಆ ಕಡೆ ಕೊರಿಯನ್ನರ ಸರಾಸರಿ ಕೂಡ ತುಂಬ ಮುಚ್ಚಿಡುತ್ತದೆ. ಕೊರಿಯಾಟೌನ್‌ನಲ್ಲಿ ಒಂಟಿಯಾಗಿರುವ ವಯಸ್ಸಾದವರ ಬಡತನ ನೋಡಿದರೆ ಗೊತ್ತಾಗುತ್ತದೆ. ಜೀವನವಿಡೀ ಅಂಗಡಿಯಲ್ಲಿ ದುಡಿದರೂ ನಿವೃತ್ತಿ ಖಾತೆ ಅಂತ ಏನೂ ಇಲ್ಲ. ಕಾಗದವಿಲ್ಲದೆ ಇಲ್ಲೇ ಬೆಳೆದ ಮಕ್ಕಳಿಗೆ ಡಾಕಾ ಅಂತ ರಕ್ಷಣೆ ಕೊಟ್ಟರಲ್ಲ, ಅದನ್ನು ಪಡೆದವರಲ್ಲಿ ಏಷ್ಯಾದ ದೇಶಗಳ ಪೈಕಿ ಮೊದಲ ಸ್ಥಾನ ಕೊರಿಯಾದ್ದು. ಇದು ಎಷ್ಟು ಜನಕ್ಕೆ ಗೊತ್ತು?

ಯಂಗ್ ಸ್ಟ್ರೀಟ್ ವಾಸಿ

ಬಸ್ಸಿನವರೇ, ಶುರುವಿನಲ್ಲಿ ವಾಪಸ್ ಹೋಗುವ ದಾರಿ ಅಂದಿರಿ. ಅದನ್ನು ಪೂರ್ತಿ ಹೇಳಲಿಲ್ಲ.

ವಿಲ್‌ಶೈರ್ ಬಸ್ಸಿನವನು

ಹೌದು, ಅದನ್ನೇ ಹೇಳಬೇಕಿತ್ತು.

1980ರ ದಶಕದಲ್ಲಿ ಕೊರಿಯಾದಿಂದ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೆಲೆಸಲು ಬರುತ್ತಿದ್ದರು. 1988ರ ಒಲಿಂಪಿಕ್ಸ್ ಹೊತ್ತಿಗೆ ಅಲ್ಲೇ ಒಳ್ಳೆ ಕೆಲಸ, ಒಳ್ಳೆ ಸಂಬಳ. ದೇಶಕ್ಕೆ ಪ್ರಜಾಪ್ರಭುತ್ವವೂ ಬಂತು. 1990ರ ದಶಕದ ಕೊನೆಗೆ ಬರುವವರು ಅರ್ಧಕ್ಕಿಂತ ಕಡಿಮೆಯಾದರು. ಕೆಲವರು ವಾಪಸ್ಸೂ ಹೋದರು. ಈಗ ಉಲ್ಟಾ ಪದ್ಧತಿ ಇದೆ: ಹೆಂಡತಿ ಮಕ್ಕಳನ್ನು ಇಂಗ್ಲಿಷ್ ಓದಿಗೆ ಇಲ್ಲಿ ಬಿಟ್ಟು, ಅಪ್ಪ ಅಲ್ಲೇ ದುಡಿದು ದುಡ್ಡು ಕಳಿಸುತ್ತಾನೆ, ವರ್ಷಕ್ಕೊಮ್ಮೆ ಹಾರಿ ಬರುತ್ತಾನೆ. ಅವನಿಗೆ "ಗಿರೊಗಿ ಅಪ್ಪಾ" ಅಂತಾರೆ. ಕಾಡು ಹೆಬ್ಬಾತು ಅಪ್ಪ. ಅವರೂ ಅಪ್ಪನಿಗೆ ಅಪ್ಪಾ ಅಂತಲೇ ಅನ್ನುವುದು, ಕೇಳಿದಾಗೆಲ್ಲ ನನಗೆ ನಮ್ಮೂರು ನೆನಪಾಗುತ್ತದೆ.

ಇರಾನಿಯರಿಗೆ ಇದ್ಯಾವುದೂ ಇಲ್ಲ. 1980ರಿಂದ ಅಮೆರಿಕ ಮತ್ತು ಇರಾನ್ ನಡುವೆ ರಾಯಭಾರ ಸಂಬಂಧವೇ ಇಲ್ಲ. ವೀಸಾ ಬೇಕಾದರೆ ಅಂಕಾರಾಗೋ ದುಬೈಗೋ ಯೆರೆವಾನ್‌ಗೋ ಹೋಗಬೇಕು. ಅಮೆರಿಕದ ಆರ್ಥಿಕ ನಿರ್ಬಂಧಗಳಿಂದಾಗಿ ಅಮ್ಮನ ಔಷಧಿಗೆ ಬ್ಯಾಂಕಿನಿಂದ ನೇರವಾಗಿ ದುಡ್ಡು ಕಳಿಸುವುದೂ ಕಷ್ಟ. 2017ರ ಜನವರಿಯಲ್ಲಿ ಇರಾನಿಯರು ಅಮೆರಿಕಕ್ಕೆ ಬರುವುದಕ್ಕೆ ನಿಷೇಧ ಬಂತು, 2021ರಲ್ಲಿ ಹೋಯಿತು, 2025ರ ಜೂನ್‌ನಲ್ಲಿ ಮತ್ತೆ ಬಂತು. ಮಗಳ ಪದವಿ ಸಮಾರಂಭಕ್ಕೆ ಅಜ್ಜ ಅಜ್ಜಿ ಬರುವ ಹಾಗಿಲ್ಲ.

ನನ್ನ ಟೀಮಿನಲ್ಲಿ ಒಬ್ಬ ಇರಾನಿ ಹೆಂಗಸು ಇದ್ದಾರೆ. ಪಿಎಚ್‌ಡಿ, ಒಳ್ಳೆ ಸಂಬಳ, ಸ್ವಂತ ಮನೆ. ಯಾವ ಅಂಕಿ ಅಂಶ ತೆಗೆದರೂ ಮೇಲಿನ ಸಾಲಿನಲ್ಲಿ ಇರುತ್ತಾರೆ. ಹೋದ ವರ್ಷ ಅವರ ತಂದೆ ಇಸ್ಫಹಾನ್‌ನಲ್ಲಿ ತೀರಿಕೊಂಡರು. ಹೋದರೆ ವಾಪಸ್ ಬರಲು ಬಿಡುತ್ತಾರೋ ಇಲ್ಲವೋ ಅನ್ನುವ ಭಯಕ್ಕೆ ಹೋಗಲಿಲ್ಲ. ಮಣ್ಣು ಮಾಡುವುದನ್ನು ಅಣ್ಣ ಫೋನಿನಲ್ಲಿ ತೋರಿಸಿದ. ಇಲ್ಲಿ ಆಗ ರಾತ್ರಿ ಹನ್ನೆರಡೂವರೆ. ಮಧ್ಯದಲ್ಲಿ ನೆಟ್‌ವರ್ಕ್ ಕಡಿದು ಹೋಯಿತು. ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಬಂದಿದ್ದರು. ನನಗೆ ಮಾತ್ರ ಹೇಳಿದರು, ಯಾಕೆಂದರೆ ನನ್ನ ತಂದೆ ಹೋದಾಗ ನಾನು ಎರಡನೇ ದಿನವೇ ತುಮಕೂರಿನಲ್ಲಿದ್ದೆ ಅಂತ ಅವರಿಗೆ ಗೊತ್ತಿತ್ತು.

ನ್ಯೂಜೆರ್ಸಿ ಹಾಸನ

ಸರ್, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಲೆಕ್ಕದ ಮೇಡಂ, ಆ ಡ್ರೈಕ್ಲೀನಿಂಗ್ ದಂಪತಿ ಈಗ ಏನು ಮಾಡುತ್ತಿದ್ದಾರೆ? ಮಕ್ಕಳು ಅಂಗಡಿ ನೋಡಿಕೊಳ್ಳುತ್ತಿದ್ದಾರಾ?

ಲೆಕ್ಕ ಬರೆಯುವವಳು

ಇಲ್ಲ. ಮಗ ಫಾರ್ಮಸಿಸ್ಟ್, ಮಗಳು ವಕೀಲೆ. ಮಕ್ಕಳು ಅಂಗಡಿಗೆ ಬರಬಾರದು ಅಂತಲೇ ಅವರು ಅಂಗಡಿ ನಡೆಸಿದ್ದು. ಕೊರೊನಾ ಬಂದಾಗ ಆಫೀಸಿಗೆ ಹೋಗುವವರೇ ಇರಲಿಲ್ಲ, ಷರಟು ಒಗೆಸುವವರು ಯಾರು? 2021ರಲ್ಲಿ ಮುಚ್ಚಿದರು. ಯಂತ್ರಗಳನ್ನು ಒಬ್ಬ ಮೆಕ್ಸಿಕನ್ ಹುಡುಗ ತಗೊಂಡ, ಅವರಲ್ಲೇ ಹದಿನೈದು ವರ್ಷ ಇಸ್ತ್ರಿ ಮಾಡುತ್ತಿದ್ದವನು. ಮುಂಗಡ ಪಡೆಯದೆ ಕಂತಿನ ಮೇಲೆ ಕೊಟ್ಟರು. ಅವನ ಲೆಕ್ಕವನ್ನೂ ಈಗ ನಾನೇ ಬರೆಯುತ್ತೇನೆ.